ಹೆಸರಿಲ್ಲದ ಹುಡುಗನ ಭಯ

ರೋಜರ್ ಕಲ್ಲು ಎಸೆಯುತ್ತಾನೆ. ಹೆನ್ರಿ ಎಂಬ ಪುಟ್ಟ ಹುಡುಗ ಸಮುದ್ರದಂಚಿನಲ್ಲಿ ಕೂತು, ಅಲೆ ತಂದು ಹಾಕಿದ ಸಣ್ಣ ಸಣ್ಣ ಜೀವಿಗಳ ಜೊತೆ ತನ್ನಷ್ಟಕ್ಕೆ ಆಡುತ್ತಿದ್ದಾನೆ. ರೋಜರ್ ಮರದ ಮರೆಯಲ್ಲಿ ನಿಂತು ಒಂದೊಂದೇ ಕಲ್ಲು ಎತ್ತಿ ಅವನ ಕಡೆಗೆ ಬೀಸುತ್ತಾನೆ. ಆದರೆ ಒಂದೂ ತಾಗುವುದಿಲ್ಲ. ತಾಗದ ಹಾಗೆ ನೋಡಿಯೇ ಎಸೆಯುತ್ತಾನೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಗಲದ ಒಂದು ವೃತ್ತವಿದೆ, ಅದರೊಳಗೆ ಕಲ್ಲು ಹಾಕುವ ಧೈರ್ಯ ರೋಜರನಿಗಿಲ್ಲ. ಅಲ್ಲಿ ಅಪ್ಪ ಅಮ್ಮ ಇಲ್ಲ, ಶಾಲೆ ಇಲ್ಲ, ಪೊಲೀಸರಿಲ್ಲ, ಕಾನೂನಿಲ್ಲ. ಆದರೂ ಅವರೆಲ್ಲ ಸೇರಿ ಆ ಮಗುವಿನ ಸುತ್ತ ಹಾಕಿಟ್ಟ ಗೆರೆ ಇನ್ನೂ ಅಳಿಸಿಲ್ಲ.

ವಿಲಿಯಂ ಗೋಲ್ಡಿಂಗ್ ಬರೆದ 'ಲಾರ್ಡ್ ಆಫ್ ದ ಫ್ಲೈಸ್' ಕಾದಂಬರಿಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಇದು. ಕೊಲೆಗಳು ಇನ್ನೂ ಆಗಿಲ್ಲ. ರಕ್ತ ಹರಿದಿಲ್ಲ. ಮುಂದೆ ಇದೇ ರೋಜರ್ ಬಂಡೆಯೊಂದನ್ನು ಮೀಟಿ ಉರುಳಿಸಿ ಪಿಗ್ಗಿ ಎಂಬ ಜೊತೆಯ ಹುಡುಗನನ್ನು ಕೊಲ್ಲುತ್ತಾನೆ, ಆಗ ಯಾವ ಗೆರೆಯೂ ಅವನ ಕೈ ಹಿಡಿಯುವುದಿಲ್ಲ. ತಪ್ಪಿಸಿ ಎಸೆದ ಆ ಕಲ್ಲಿನಿಂದ ಈ ಬಂಡೆಯ ತನಕ ಏನೇನಾಯಿತು ಎನ್ನುವುದೇ ಕಾದಂಬರಿ. ಮನುಷ್ಯನೊಳಗೆ ಮೃಗವಿದೆ, ಅವಕಾಶ ಸಿಕ್ಕರೆ ಹೊರಗೆ ಬರುತ್ತದೆ ಎಂದು ಒಂದೇ ಉಸಿರಿಗೆ ಈ ಪುಸ್ತಕವನ್ನು ಮುಗಿಸಿಬಿಡುವವರಿದ್ದಾರೆ. ನನಗೆ ಅಷ್ಟು ಸಾಲುವುದಿಲ್ಲ. ಅವಕಾಶ ಹೇಗೆ ಸಿಕ್ಕಿತು, ಯಾರು ಕೊಟ್ಟರು, ಯಾವ ದಿನ ಅದನ್ನು ತಡೆಯಬಹುದಿತ್ತು ಎಂದು ಕೇಳದಿದ್ದರೆ ಇಂಥ ಪುಸ್ತಕ ಓದಿ ಪ್ರಯೋಜನವೇನು?

ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಈ ಕಥೆಯನ್ನು ಕಾರವಾರದಲ್ಲಿ ಕೂತು ಓದುವುದಕ್ಕೆ ಒಂದು ಬೇರೆಯೇ ಬಿಗಿ ಇದೆ. ನಮ್ಮ ಕಡಲತೀರದಲ್ಲಿ ನಿಂತರೆ ದ್ವೀಪಗಳು ಕಣ್ಣಿಗೇ ಬೀಳುತ್ತವೆ. ದೇವಗಡದ ದೀಪಸ್ತಂಭ ಇದೆ. ಕೂರ್ಮಗಡದಲ್ಲಿ ನರಸಿಂಹನ ಗುಡಿ ಇದೆ, ವರ್ಷಕ್ಕೊಮ್ಮೆ ಜಾತ್ರೆಗೆ ಜನ ದೋಣಿ ಹತ್ತಿ ಹೋಗುತ್ತಾರೆ. ನನ್ನ ಪಿಯುಸಿ ಮಕ್ಕಳಲ್ಲಿ ಕೆಲವರು ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಉಳಿದು, ಪಠ್ಯದಲ್ಲಿಲ್ಲದ ಪುಸ್ತಕಗಳನ್ನು ನನ್ನ ಜೊತೆ ಓದುತ್ತಾರೆ. ಮೀನುಗಾರರ ಮನೆಯವರಿದ್ದಾರೆ, ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟು ಬಂದ ಕುಟುಂಬಗಳ ಮೂರನೇ ತಲೆಮಾರಿನವರಿದ್ದಾರೆ, ನೌಕಾಪಡೆಯಲ್ಲಿ ಅಪ್ಪ ಇರುವವರೂ ಇದ್ದಾರೆ. ನಿರ್ಜನ ದ್ವೀಪ ಎಂದರೆ ಇವರಿಗೆ ಕಥೆಯಲ್ಲಷ್ಟೇ ಇರುವ ಜಾಗವಲ್ಲ. ಅಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ದೋಣಿ ಹಚ್ಚಲು ಬರುತ್ತದೋ ಇಲ್ಲವೋ ಎಂಬುದೇ ಇವರು ಕೇಳಿದ ಮೊದಲ ಪ್ರಶ್ನೆ.

ಗೋಲ್ಡಿಂಗ್ 1911ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದವರು. ಸಾಲಿಸ್‌ಬರಿಯಲ್ಲಿ ಗಂಡುಮಕ್ಕಳ ಶಾಲೆಯ ಮೇಷ್ಟರಾಗಿದ್ದವರು. ಎರಡನೇ ಮಹಾಯುದ್ಧ ಅವರನ್ನು ಬ್ರಿಟಿಷ್ ನೌಕಾಪಡೆಗೆ ಒಯ್ದಿತು. 1944ರಲ್ಲಿ ನಾರ್ಮಂಡಿ ತೀರದ ಮೇಲಿನ ದಾಳಿಯಲ್ಲಿ ರಾಕೆಟ್ ಹಾರಿಸುವ ನೌಕೆಯೊಂದು ಅವರ ಕೈಯಲ್ಲಿತ್ತು. ಯುದ್ಧ ಮುಗಿಸಿ ಮತ್ತೆ ಅದೇ ತರಗತಿಗೆ, ಅದೇ ವಯಸ್ಸಿನ ಹುಡುಗರ ನಡುವೆ ಹೋಗಿ ನಿಂತರು. ಹಲವು ಪ್ರಕಾಶಕರು ಬೇಡವೆಂದು ವಾಪಸ್ ಕಳಿಸಿದ ಹಸ್ತಪ್ರತಿ ಕೊನೆಗೂ 1954ರಲ್ಲಿ ಪುಸ್ತಕವಾಯಿತು. 1983ರಲ್ಲಿ ನೊಬೆಲ್ ಬಂತು. ಜೇನುಹುಳ ಜೇನು ಮಾಡುವ ಹಾಗೆ ಮನುಷ್ಯ ಕೇಡನ್ನು ಮಾಡುತ್ತಾನೆ, ಆ ವರ್ಷಗಳನ್ನು ದಾಟಿ ಬಂದೂ ಇದು ತಿಳಿಯದವನು ಕುರುಡನಿರಬೇಕು ಎಂಬ ಅರ್ಥದ ಮಾತನ್ನು ಅವರು ಆಮೇಲೆ ಒಂದು ಪ್ರಬಂಧದಲ್ಲಿ ಬರೆದರು. ಕಣ್ಣಾರೆ ಕಂಡವರ ಮಾತು, ಗೌರವದಿಂದಲೇ ಓದುತ್ತೇನೆ. ಆದರೆ ಅವರ ಕಾದಂಬರಿ ಅವರ ಆ ಮಾತಿಗಿಂತ ದೊಡ್ಡದು ಎಂದೇ ನನ್ನ ನಂಬಿಕೆ.

ಅಣುಯುದ್ಧದ ನಡುವೆ ವಿಮಾನವೊಂದು ಬಿದ್ದು, ಹತ್ತು ಹನ್ನೆರಡರ ಒಳಗಿನ ಇಂಗ್ಲಿಷ್ ಹುಡುಗರು ದ್ವೀಪವೊಂದರಲ್ಲಿ ದೊಡ್ಡವರಿಲ್ಲದೆ ಉಳಿಯುತ್ತಾರೆ. ಶಂಖ ಊದಿ ಎಲ್ಲರನ್ನೂ ಕರೆಯುತ್ತಾರೆ, ರಾಲ್ಫ್ ನಾಯಕನಾಗುತ್ತಾನೆ, ಶಂಖ ಹಿಡಿದವನು ಮಾತನಾಡಬೇಕು, ಉಳಿದವರು ಕೇಳಬೇಕು ಎಂದು ನಿಯಮವಾಗುತ್ತದೆ. ಆ ಸಭೆಯಲ್ಲೇ ಆರು ವರ್ಷದ ಒಬ್ಬ ಹುಡುಗನನ್ನು ಉಳಿದ ಚಿಕ್ಕವರು ಮುಂದಕ್ಕೆ ದೂಡುತ್ತಾರೆ. ಅವನ ಮುಖದ ಒಂದು ಬದಿಗೆ ಹಿಪ್ಪುನೇರಳೆ ಬಣ್ಣದ ದೊಡ್ಡ ಮಚ್ಚೆ. ಅವನಿಗೆ ಗಟ್ಟಿಯಾಗಿ ಹೇಳಲು ಬರುವುದಿಲ್ಲ, ಪಿಗ್ಗಿಯ ಕಿವಿಯಲ್ಲಿ ಹೇಳುತ್ತಾನೆ, ಪಿಗ್ಗಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾನೆ: ಹಾವಿನಂಥದ್ದೇನೋ ಇದೆ, ಕತ್ತಲೆಯಲ್ಲಿ ಬಂದಿತ್ತು, ಇವತ್ತು ರಾತ್ರಿಯೂ ಬರುತ್ತದಾ?

ದೊಡ್ಡ ಹುಡುಗರು ನಗುತ್ತಾರೆ. ಅಂಥ ಮೃಗ ಇಲ್ಲವೇ ಇಲ್ಲ ಎಂದು ರಾಲ್ಫ್ ಒತ್ತಿ ಒತ್ತಿ ಹೇಳುತ್ತಾನೆ. ಇಲ್ಲ, ಆದರೂ ಇದ್ದರೆ ಬೇಟೆಯಾಡಿ ಕೊಲ್ಲುತ್ತೇವೆ ಎನ್ನುತ್ತಾನೆ ಬೇಟೆಗಾರ ಹುಡುಗರ ಮುಂದಾಳು ಜ್ಯಾಕ್. ಎರಡು ಉತ್ತರಗಳೂ ಆ ಮಗುವಿನ ಪ್ರಶ್ನೆಗೆ ಉತ್ತರವಲ್ಲ. ಒಂದು ಭಯವನ್ನು ಅಲ್ಲಗಳೆಯಿತು, ಇನ್ನೊಂದು ಅದನ್ನು ತನ್ನ ಬಂಡವಾಳ ಮಾಡಿಕೊಂಡಿತು. ನೀನು ಎಲ್ಲಿ ನೋಡಿದೆ, ಬಾ ಹೋಗಿ ನೋಡೋಣ, ಇವತ್ತು ರಾತ್ರಿ ನನ್ನ ಪಕ್ಕ ಮಲಗು ಎಂದು ಅಲ್ಲಿದ್ದ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಬೆಂಕಿ ಹಾಕಿ ಹಡಗಿಗೆ ಹೊಗೆ ತೋರಿಸುವ ಮಾತು ಬಂತು, ಎಲ್ಲರೂ ಗುಡ್ಡಕ್ಕೆ ಓಡಿದರು. ಬೆಂಕಿ ಕೈಮೀರಿ ಕಾಡಿಗೆ ಹತ್ತಿತು. ಮಚ್ಚೆಯ ಹುಡುಗ ಮತ್ತೆ ಕಾಣಿಸಲಿಲ್ಲ. ಅವನೆಲ್ಲಿ ಎಂದು ಪಿಗ್ಗಿ ಕೇಳಿದ, ಯಾರ ಬಾಯಿಂದಲೂ ಸರಿಯಾದ ಮಾತು ಹೊರಡಲಿಲ್ಲ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾದಂಬರಿ ಮುಗಿಯುವವರೆಗೂ ನಮಗೂ ಗೊತ್ತಾಗುವುದಿಲ್ಲ.

ಭಯವಾಗಿದೆ ಎಂದು ಮೊದಲು ಬಾಯಿ ಬಿಟ್ಟವನೇ ಮೊದಲು ಸತ್ತವನು. ಇದನ್ನು ಓದಿದ ದಿನ ನಮ್ಮ ಗುಂಪಿನಲ್ಲಿ ದೋಣಿಯ ಮನೆಯಿಂದ ಬರುವ ಒಬ್ಬ ಹುಡುಗ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. "ಬೋಟಲ್ಲಿ ಹೊಸಬ ಹೆದ್ರಿಕೆ ಆಗ್ತದೆ ಅಂದ್ರೆ ತಾಂಡೇಲ ನಗಾಡೂದಿಲ್ಲ ಮೇಡಂ. ನಗಾಡಿದ್ರೆ ಅವ ಮುಂದೆ ಏನೂ ಹೇಳೂದಿಲ್ಲ. ನೀರು ಒಳಗೆ ಬರ್ತಾ ಇದ್ರೂ ಹೇಳೂದಿಲ್ಲ." ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ. ಭಯ ಎಂದರೆ ಮೊದಲಿಗೆ ಒಂದು ಸುದ್ದಿ. ಏನೋ ಸರಿಯಿಲ್ಲ ಎಂದು ಒಬ್ಬನಿಗೆ ಉಳಿದವರಿಗಿಂತ ಮೊದಲು ತಿಳಿದಿದೆ. ಅದು ಹಾವಲ್ಲದಿರಬಹುದು, ಬಳ್ಳಿಯೇ ಇರಬಹುದು. ಆದರೆ ಆ ರಾತ್ರಿ ಚಿಕ್ಕ ಮಕ್ಕಳು ನಿದ್ದೆಯಿಲ್ಲದೆ ನಡುಗುತ್ತಿದ್ದಾರೆ ಎಂಬ ಸುದ್ದಿಯಂತೂ ಅದರಲ್ಲಿತ್ತು, ಅದು ನಿಜವೂ ಆಗಿತ್ತು.

ಕೇಳಿಸಿಕೊಳ್ಳದ ಭಯ ಕೊಳೆಯುತ್ತಾ ಹೋಗುತ್ತದೆ. ಇನ್ನೊಂದು ಸಭೆ ಸಂಜೆ ಹೊತ್ತಾಗಿ ಸೇರುತ್ತದೆ. ಭಯದ ವಿಷಯವನ್ನು ಇವತ್ತು ಇತ್ಯರ್ಥ ಮಾಡಿಬಿಡೋಣ ಎಂದು ರಾಲ್ಫ್ ಹೊರಡುತ್ತಾನೆ. ಮಾತು ದೆವ್ವಕ್ಕೆ ತಿರುಗುತ್ತದೆ. ದೆವ್ವ ಇದೆ ಎನ್ನುವವರು ಯಾರು ಎಂದು ಕೇಳಿ ಕೈ ಎತ್ತಿಸುತ್ತಾನೆ. ಅಷ್ಟರಲ್ಲಿ ಪೂರ್ತಿ ಕತ್ತಲೆ. ಆ ಕತ್ತಲೆಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಎತ್ತಿದ ಕೈಗಳೇ ಕೈಗಳು. ದೆವ್ವದ ಪರವಾಗಿ ಬಹುಮತ! ಓಟು ಹಾಕಿ ಭಯವನ್ನು ಸೋಲಿಸಲು ಹೋದ ಪಾಪದ ಹುಡುಗ, ಭಯಕ್ಕೇ ಗೆಲುವಿನ ಮುದ್ರೆ ಒತ್ತಿಕೊಟ್ಟ. ಅದೇ ಸಭೆಯಲ್ಲಿ ಸೈಮನ್ ಎಂಬ ಮೆದು ಮಾತಿನ ಹುಡುಗ, ಮೃಗ ಇರಬಹುದು, ಆದರೆ ಅದು ನಾವೇ ಇರಬಹುದು ಎಂದು ಹೇಳಲು ಒದ್ದಾಡುತ್ತಾನೆ. ಕೂಗಿ ಕೂರಿಸುತ್ತಾರೆ.

ಗೈಡುಗಳಲ್ಲಿ ಈ ಕಾದಂಬರಿಯ ಸಂಕೇತಗಳಿಗೆ ಕೋಷ್ಟಕ ಹಾಕಿರುತ್ತಾರೆ. ಶಂಖ ಎಂದರೆ ಪ್ರಜಾಪ್ರಭುತ್ವ, ಕನ್ನಡಕ ಎಂದರೆ ವಿವೇಕ, ಬೆಂಕಿ ಎಂದರೆ ಆಸೆ. ಅದು ನನಗೆ ಸೇರುವುದಿಲ್ಲ. ಶಂಖ ಮೊದಲು ಶಂಖವೇ. ಸಿಕ್ಕಾಗ ಕೆನೆ ಬಣ್ಣ, ನಡುನಡುವೆ ನಸುಗೆಂಪು. ಬಿಸಿಲಿಗೆ ಗಾಳಿಗೆ ದಿನೇ ದಿನೇ ಬಣ್ಣ ಹೋಗಿ ಬಿಳಚಿಕೊಳ್ಳುತ್ತದೆ. ಹುಡುಗರಿಗೆ ಅದರ ಮೇಲಿದ್ದ ಮರ್ಯಾದೆ ಕಡಿಮೆಯಾಗುವುದನ್ನು ಆ ಬಿಳುಪಿನಲ್ಲೇ ಕಾಣಬಹುದು, ಪ್ರಜಾಪ್ರಭುತ್ವ ಎಂಬ ಪದ ಬೇಕಾಗುವುದಿಲ್ಲ. ಹುಡುಗರು ಬೆಂಕಿ ಹೊತ್ತಿಸಲು ಬಳಸುವ ಪಿಗ್ಗಿಯ ಕನ್ನಡಕದ ವಿಷಯದಲ್ಲಿ ಗೋಲ್ಡಿಂಗ್ ಎಡವಿದ್ದೂ ಹೌದು. ಪಿಗ್ಗಿಗೆ ದೂರದ್ದು ಕಾಣುವುದಿಲ್ಲ, ಹಾಗಾದರೆ ಅವನದು ನಿಮ್ನ ಮಸೂರ, ಅದು ಬಿಸಿಲನ್ನು ಚದುರಿಸುತ್ತದೆ, ಅದರಿಂದ ಬೆಂಕಿ ಹೊತ್ತಿಸಲು ಬರುವುದಿಲ್ಲ. ವಿಜ್ಞಾನ ಓದುವ ಹುಡುಗಿಯೊಬ್ಬಳು ತಕ್ಷಣ ಹಿಡಿದಳು. ಆದರೂ ಗಾಜು ಒಡೆದು ಒಂದೇ ಕಣ್ಣಿನ ಕನ್ನಡಕ ಹಾಕಿಕೊಂಡು ಆ ಹುಡುಗ ತಡವರಿಸುವಾಗ ಭೌತಶಾಸ್ತ್ರ ಯಾರಿಗೂ ನೆನಪಾಗಲಿಲ್ಲ.

ಸಂಕೇತ ಎಂದರೆ ನನಗೆ ದೊಡ್ಡದಾಗಿ ಕಾಣುವುದು ಪ್ಯಾರಾಚೂಟಿನ ಹೆಣ. ದೊಡ್ಡವರಿಂದ ಏನಾದರೊಂದು ಸೂಚನೆ ಬರಬಾರದೇ ಎಂದು ರಾಲ್ಫ್ ಹಂಬಲಿಸಿದ ರಾತ್ರಿಯೇ, ಹತ್ತು ಮೈಲಿ ಮೇಲಿನ ಆಕಾಶದಲ್ಲಿ ನಡೆದ ಕಾದಾಟದಿಂದ ಒಬ್ಬ ಸತ್ತ ಸೈನಿಕ ತೇಲುತ್ತಾ ಇಳಿದು ಗುಡ್ಡದ ತುದಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಗಾಳಿ ಬೀಸಿದಾಗ ಹಗ್ಗ ಬಿಗಿದು ಅವನು ಎದ್ದು ಕೂತ ಹಾಗೆ ಕಾಣುತ್ತಾನೆ, ಗಾಳಿ ನಿಂತರೆ ತಲೆ ಬಾಗಿಸುತ್ತಾನೆ. ಮಕ್ಕಳು ಕತ್ತಲೆಯಲ್ಲಿ ಅದನ್ನು ನೋಡಿ, ಮೃಗ ನಿಜ ಎಂದು ಓಡಿಬರುತ್ತಾರೆ. ದೊಡ್ಡವರು ಮಕ್ಕಳಿಗೆ ಕಳಿಸಿದ ಸೂಚನೆ ಅದೊಂದೇ. ತಮ್ಮ ಯುದ್ಧದ ಹೆಣ.

ಜ್ಯಾಕ್ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಅಧ್ಯಾಯ ಬಂದಾಗ ಮಾತ್ರ ನಾವು ಪುಸ್ತಕ ಬಿಟ್ಟು ನಮ್ಮೂರಿನ ಆಟದ ಕಡೆಗೆ ಹೋಗಲೇಬೇಕಾಯಿತು. ಒಂದು ಕೆನ್ನೆಗೆ ಬಿಳಿ ಮಣ್ಣು, ಇನ್ನೊಂದಕ್ಕೆ ಕೆಂಪು, ಬಲಗಿವಿಯಿಂದ ಎಡ ದವಡೆಯ ತನಕ ಇದ್ದಿಲಿನ ಒಂದು ಕಪ್ಪು ಗೀಟು. ತೆಂಗಿನ ಕರಟದ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಾನೆ. ಕಂಡದ್ದು ತನ್ನ ಮುಖವಲ್ಲ, ಯಾರೋ ಭಯಂಕರ ಅಪರಿಚಿತ. ಕುಣಿಯುತ್ತಾನೆ, ನಗುತ್ತಾನೆ, ನಗು ಗುರುಗುಡುವಿಕೆಯಾಗುತ್ತದೆ. ಆ ಬಣ್ಣದ ಹಿಂದೆ ಅವನಿಗೆ ನಾಚಿಕೆಯಿಲ್ಲ, ಸಂಕೋಚವಿಲ್ಲ.

ಬಿಳಿ, ಕೆಂಪು, ಕಪ್ಪು. ಯಕ್ಷಗಾನದ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರ ಮುಂದೆ ಇರುವುದೂ ಇವೇ ಬಣ್ಣಗಳು: ಸಫೇದು, ಇಂಗಳೀಕ, ಕಾಡಿಗೆ. ಉತ್ತರ ಕನ್ನಡದಲ್ಲಿ ಬೆಳೆದವರು ರಾಕ್ಷಸನ ಪ್ರವೇಶಕ್ಕೆ ಬೆಚ್ಚಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದವರೇ. ದೀವಟಿಗೆಗೆ ರಾಳ ಎರಚಿ ಬೆಂಕಿ ಭಗ್ಗೆಂದಾಗ, ತೆರೆಯ ಹಿಂದಿನಿಂದ ಆ ಕೂಗು ಬಂದಾಗ ಆದ ಭಯ ಸುಳ್ಳಲ್ಲ. ಹಾಗಾದರೆ ಅಲ್ಲಿ ಯಾಕೆ ಯಾರೂ ಸಾಯುವುದಿಲ್ಲ?

ನನಗೆ ಹೊಳೆಯುವ ಉತ್ತರ ಇದು. ಚೌಕಿಯಲ್ಲಿ ಗಣಪತಿಗೆ ಪೂಜೆ ಆಗದೆ ವೇಷ ರಂಗಕ್ಕೆ ಹೋಗುವುದಿಲ್ಲ. ಗಂಟೆಗಟ್ಟಲೆ ಕೂತು ಬಣ್ಣ ಬರೆಯಬೇಕು, ಆ ಹೊತ್ತಿನಲ್ಲಿ ತಾನು ಯಾರಾಗುತ್ತಿದ್ದೇನೆ ಎಂಬುದು ಕಲಾವಿದನಿಗೆ ಚೆನ್ನಾಗಿ ಗೊತ್ತು. ರಾಕ್ಷಸ ಎಷ್ಟೇ ಅಬ್ಬರಿಸಲಿ, ಹೆಜ್ಜೆ ಹಾಕುವುದು ಭಾಗವತರ ತಾಳಕ್ಕೆ. ಅವರು ಪದ ಎತ್ತದೆ ಅವನು ಕುಣಿಯಲಾರ, ಅವರು ನಿಲ್ಲಿಸಿದರೆ ನಿಲ್ಲಬೇಕು. ಪ್ರಸಂಗದ ಕೊನೆಗೆ ಅವನ ವಧೆ ಆಗಲೇಬೇಕು. ಬೆಳಗಿನ ಜಾವ ಮಂಗಳವಾದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ಅದೇ ಮನುಷ್ಯ ಚಹಾ ಕುಡಿದು ಬಸ್ಸು ಹತ್ತುತ್ತಾನೆ. ನಮ್ಮ ಹಿರಿಯರು ಕ್ರೌರ್ಯವನ್ನು ಇಲ್ಲವೆನ್ನಲಿಲ್ಲ. ಅದಕ್ಕೆ ಒಂದು ರಂಗ ಹಾಕಿದರು, ಒಂದು ರಾತ್ರಿಯ ಅವಧಿ ಕೊಟ್ಟರು, ತಾಳವನ್ನು ಬೇರೆಯವರ ಕೈಯಲ್ಲಿ ಇಟ್ಟರು. ಜ್ಯಾಕ್‌ನ ಬಣ್ಣಕ್ಕೆ ಭಾಗವತರಿಲ್ಲ, ಮಂಗಳವೂ ಇಲ್ಲ. ಯಕ್ಷಗಾನ ಇದ್ದ ಊರಿನಲ್ಲಿ ಕ್ರೌರ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ, ಅಷ್ಟು ಕುರುಡಳಲ್ಲ. ಬಣ್ಣ ಹಚ್ಚಿದ್ದರಿಂದಲೇ ಜ್ಯಾಕ್ ಕೆಟ್ಟ ಎಂಬ ಮಾತು ಸಾಲದು ಎನ್ನುತ್ತಿದ್ದೇನೆ.

ಸೈಮನ್‌ನ ಸಾವನ್ನು ನಾವು ಗಟ್ಟಿಯಾಗಿ ಓದಲಿಲ್ಲ, ಒಬ್ಬೊಬ್ಬರೇ ಓದಿಕೊಂಡು ಬಂದೆವು. ಎಲ್ಲರೂ ಹೆದರಿ ದೂರವಿದ್ದ ಗುಡ್ಡವನ್ನು ಅವನೊಬ್ಬನೇ ಹತ್ತುತ್ತಾನೆ. ಮೃಗವೆಂದರೆ ಕೊಳೆತ ಹೆಣ ಎಂದು ಕಂಡುಕೊಳ್ಳುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ, ಆದರೂ ಬಂಡೆಗೆ ಸಿಕ್ಕಿದ್ದ ಹಗ್ಗ ಬಿಡಿಸಿ ಹೆಣವನ್ನು ಗಾಳಿಯ ಕಾಟದಿಂದ ಮುಕ್ತಗೊಳಿಸುತ್ತಾನೆ. ನರಸಿಂಹನ ಕೋಪ ಇಳಿಯದೆ ದೇವತೆಗಳೇ ಹತ್ತಿರ ಹೋಗಲು ಅಂಜಿದಾಗ ಮುಂದೆ ಹೋದವನು ಪ್ರಹ್ಲಾದ, ಒಬ್ಬ ಬಾಲಕ. ಆ ಕಥೆಯಲ್ಲಿ ಹುಡುಗನ ತಲೆಯ ಮೇಲೆ ಕೈ ಬಂತು. ಸೈಮನ್ ಒಳ್ಳೆಯ ಸುದ್ದಿ ಹೇಳಲು ತೆವಳುತ್ತಾ ಕೆಳಗೆ ಬಂದಾಗ ಗುಡುಗು ಮಿಂಚಿನ ನಡುವೆ ಹುಡುಗರು ವೃತ್ತ ಕಟ್ಟಿ, ಮೃಗವನ್ನು ಕೊಲ್ಲು ಎಂದು ಕೂಗುತ್ತಾ ಕುಣಿಯುತ್ತಿದ್ದರು. ಬಂದದ್ದೇ ಮೃಗ ಎಂದು ಮೇಲೆ ಬಿದ್ದರು. ರಾಲ್ಫ್ ಮತ್ತು ಪಿಗ್ಗಿಯೂ ಆ ಗುಂಪಿನಲ್ಲಿದ್ದರು.

ಮರುದಿನದ ಬೆಳಿಗ್ಗೆ ನನಗೆ ಆ ರಾತ್ರಿಗಿಂತ ಭಯ ಹುಟ್ಟಿಸುತ್ತದೆ. ಅದು ಕೊಲೆ ಎಂದು ರಾಲ್ಫ್ ಹೇಳುತ್ತಾನೆ. ಪಿಗ್ಗಿ, ನಮ್ಮೆಲ್ಲರ ಪ್ರೀತಿಯ ಬುದ್ಧಿವಂತ ಪಿಗ್ಗಿ, ಕತ್ತಲೆಯಿತ್ತು, ಮಿಂಚು ಗುಡುಗಿತ್ತು, ನಾವು ಹೆದರಿದ್ದೆವು, ಅದು ಆಕಸ್ಮಿಕ ಎನ್ನುತ್ತಾನೆ. ಸ್ಯಾಮ್ ಮತ್ತು ಎರಿಕ್ ಎಂಬ ಅವಳಿ ಹುಡುಗರು ಬಂದು, ನಾವು ಬೇಗ ಹೊರಟುಬಿಟ್ಟಿದ್ದೆವು ಎನ್ನುತ್ತಾರೆ. ನಾವೂ ಅಷ್ಟೇ ಎನ್ನುತ್ತಾರೆ ಇವರು. ನಾಲ್ವರಿಗೂ ಗೊತ್ತು, ನಾಲ್ವರೂ ಒಬ್ಬರಿಗೊಬ್ಬರು ಸಹಾಯ ಮಾಡುತ್ತಾರೆ. ಒಳ್ಳೆಯವರು ಒಟ್ಟಾಗಿ ಹೇಳುವ ಸುಳ್ಳು ಇದು. ಪತ್ರಿಕೆಯಲ್ಲಿ ಗುಂಪು ಥಳಿತದ ಸುದ್ದಿ ಓದಿದಾಗೆಲ್ಲ ಮೊದಲ ಸಾಲಿನಲ್ಲಿ ಹೊಡೆದವರಷ್ಟೇ ನನಗೆ ಕಾಡುವುದು ಮಾರನೆಯ ದಿನ ಬೇಗ ಹೊರಟಿದ್ದೆವು ಎನ್ನುವವರು.

ಈ ಕಾದಂಬರಿಗೆ ಎದುರಾಗಿ ಈಚೆಗೆ ಬಹಳ ಜನ ಟೋಂಗಾದ ಹುಡುಗರ ಕಥೆ ಹೇಳುತ್ತಾರೆ. 1965ರಲ್ಲಿ ಆರು ಮಂದಿ ಶಾಲಾ ಹುಡುಗರು ದೋಣಿಯೊಂದರಲ್ಲಿ ಹೊರಟು, ಬಿರುಗಾಳಿಗೆ ಸಿಕ್ಕಿ, 'ಆಟಾ' ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳು ಅಲ್ಲಿದ್ದರು. ಬೆಂಕಿ ಆರದ ಹಾಗೆ ನೋಡಿಕೊಂಡರು, ಕೆಲಸ ಹಂಚಿಕೊಂಡರು, ಜಗಳವಾದಾಗ ಇಬ್ಬರೂ ಬೇರೆ ಬೇರೆ ಕಡೆ ಹೋಗಿ ಸಿಟ್ಟು ಇಳಿದ ಮೇಲೆ ಬರಬೇಕು ಎಂದು ಮಾಡಿಕೊಂಡರು. ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟು ಹಾಕಿ ಸಾಕಿದರು. 1966ರಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ನಾವಿಕ ಅವರನ್ನು ಕಂಡು ಕರೆತಂದ. ಆರಕ್ಕೆ ಆರೂ ಬದುಕಿದ್ದರು. ಕೇಳಿದರೆ ಎದೆ ತುಂಬುತ್ತದೆ. ಆದರೆ ಇದರಿಂದ ಗೋಲ್ಡಿಂಗ್ ಸುಳ್ಳಾದರು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆ ಆರು ಮಂದಿ ಮೊದಲೇ ಗೆಳೆಯರು, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿತ್ತು. ಗೋಲ್ಡಿಂಗ್‌ನ ದ್ವೀಪದಲ್ಲಿ ಚಿಕ್ಕವರ ಹೆಸರಿನ ಪಟ್ಟಿಯೇ ಪೂರ್ತಿಯಾಗಲಿಲ್ಲ. ಪಿಗ್ಗಿ ಪ್ರಯತ್ನಿಸಿದ, ಮಕ್ಕಳು ನಿಂತಲ್ಲಿ ನಿಲ್ಲಲಿಲ್ಲ, ಅಲ್ಲಿಗೆ ಬಿಟ್ಟುಹೋಯಿತು.

ಜೇನುಹುಳದ ಮಾತಿಗೂ ಕಾದಂಬರಿಯೊಳಗೇ ಉತ್ತರವಿದೆ. ಜ್ಯಾಕ್ ಬೇರೆ ಗುಂಪು ಕಟ್ಟಿ ಅದರ ನಾಯಕನಾದ ಮೇಲೆ ವಿಲ್ಫ್ರೆಡ್ ಎಂಬ ಹುಡುಗನನ್ನು ಕಟ್ಟಿಹಾಕಿಸಿದ್ದಾನೆ, ಹೊಡೆಯುವವನಿದ್ದಾನೆ. ಯಾಕೆ ಎಂದು ರೋಜರ್ ಕೇಳುತ್ತಾನೆ. ಯಾಕೆಂದು ಹೇಳಲಿಲ್ಲ ಎಂಬ ಉತ್ತರ ಬರುತ್ತದೆ. ರೋಜರ್ ಸುಮ್ಮನೆ ಕೂತು ಯೋಚಿಸುತ್ತಾನೆ: ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಅಧಿಕಾರದಿಂದ ಏನೇನು ಮಾಡಬಹುದು! ಅವನ ಕೈ ಹಿಡಿದಿದ್ದ ಗೆರೆ ಅಳಿಸಿದ್ದು ಆ ಕ್ಷಣದಲ್ಲಿ. ಒಳಗೆ ಕೇಡು ಮೊದಲೇ ಇದ್ದಿರಬಹುದು. ಆದರೆ ಕಾರಣ ಹೇಳದೆ ಹೊಡೆಯುವ ಒಬ್ಬ ದೊರೆ, ಕಾರಣ ಕೇಳದೆ ಕಟ್ಟಿಹಾಕುವ ನಾಲ್ಕು ಜನ ಸಿಗುವ ತನಕ ಅದು ಕಲ್ಲನ್ನು ತಪ್ಪಿಸಿಯೇ ಎಸೆಯುತ್ತಿತ್ತು. ಆ ದೊರೆಗೆ ಪಟ್ಟ ಕಟ್ಟಿದ್ದು ಭಯ. ಮೃಗದಿಂದ ಕಾಪಾಡುತ್ತೇನೆ ಎಂದವನು ಅವನೊಬ್ಬನೇ. ಮೃಗ ಇಲ್ಲವೆಂದು ಗೊತ್ತಾದರೆ ಅವನ ಕೆಲಸವೇ ಹೋಗುತ್ತದೆ. ಸೈಮನ್ ತಂದ ಸುದ್ದಿ ಕೇಳಿದ್ದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಿದ್ದವನು ಜ್ಯಾಕ್.

ಕೊನೆಗೆ ರಾಲ್ಫ್‌ನನ್ನು ಹುಡುಕಿ ಕೊಲ್ಲಲು ಜ್ಯಾಕ್ ಇಡೀ ದ್ವೀಪಕ್ಕೆ ಬೆಂಕಿ ಇಡಿಸುತ್ತಾನೆ. ಆ ಹೊಗೆ ನೋಡಿ ಹಡಗು ಬರುತ್ತದೆ. ಬಿಳಿ ಸಮವಸ್ತ್ರದ ನೌಕಾಧಿಕಾರಿ, ಸೊಂಟದಲ್ಲಿ ರಿವಾಲ್ವರ್. ಇಲ್ಲಿ ಕಾರವಾರದ ಮಕ್ಕಳಿಗೆ ವಿವರಣೆ ಬೇಡ. ಬಿಳಿ ಸಮವಸ್ತ್ರ ಅವರು ದಿನವೂ ನೋಡುವಂಥದ್ದು. ಟಾಗೋರ್ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯೊಳಗೆ ಶಾಲೆಯ ಪ್ರವಾಸದಲ್ಲಿ ಹೋಗಿ ಕ್ಷಿಪಣಿಯ ಪಕ್ಕ ಫೋಟೊ ತೆಗೆಸಿಕೊಂಡವರು. ಅಧಿಕಾರಿ ಒಳ್ಳೆಯವನೇ ಅಲ್ವಾ ಮೇಡಂ ಎಂದು ಅಪ್ಪ ನೌಕಾಪಡೆಯಲ್ಲಿರುವ ಹುಡುಗಿ ಕೇಳಿದಳು. ಒಳ್ಳೆಯವನೇ. ಮಕ್ಕಳನ್ನು ಉಳಿಸುತ್ತಾನೆ. ಅವರು ಅಳುವಾಗ ಮುಜುಗರವಾಗದಿರಲಿ ಎಂದು ಮುಖ ತಿರುಗಿಸಿ ದೂರದ ತನ್ನ ಯುದ್ಧನೌಕೆಯನ್ನು ನೋಡುತ್ತಾನೆ. ಅವನೂ ಬೇಟೆಯ ನಡುವೆಯೇ ಬಂದವನು, ಅವನ ಬೇಟೆ ದೊಡ್ಡದು. ಇದನ್ನು ಬರೆದವರು ಅದೇ ಸಮವಸ್ತ್ರ ತೊಟ್ಟಿದ್ದವರು ಎಂದು ಅವಳಿಗೆ ಹೇಳಿದೆ.

ಇಲ್ಲಿ ನಾಯಕ ಯಾರು ಎಂದು ಅಧಿಕಾರಿ ಕೇಳಿದಾಗ, ನಾನು ಎಂದು ರಾಲ್ಫ್ ಗಟ್ಟಿಯಾಗಿ ಹೇಳುತ್ತಾನೆ. ಸೊಂಟಕ್ಕೆ ಪಿಗ್ಗಿಯ ಒಡೆದ ಕನ್ನಡಕ ಸಿಕ್ಕಿಸಿಕೊಂಡ ಕೆಂಗೂದಲಿನ ಪುಟ್ಟ ಹುಡುಗ ಮುಂದೆ ಬರಲು ಹೊರಟು, ಮನಸ್ಸು ಬದಲಿಸಿ ಅಲ್ಲೇ ನಿಲ್ಲುತ್ತಾನೆ. ಗೋಲ್ಡಿಂಗ್ ಅಲ್ಲಿ ಜ್ಯಾಕ್ ಎಂದು ಹೆಸರನ್ನೂ ಹೇಳುವುದಿಲ್ಲ. ನೀವು ಎಷ್ಟು ಜನ ಎಂದರೆ ರಾಲ್ಫ್‌ಗೆ ಗೊತ್ತಿಲ್ಲ, ತಲೆ ಅಲ್ಲಾಡಿಸುತ್ತಾನೆ. ಯಾರೂ ಸತ್ತಿಲ್ಲ ತಾನೇ ಎಂದರೆ, ಇಬ್ಬರೇ ಎನ್ನುತ್ತಾನೆ.

ಓದುವುದನ್ನು ಅಲ್ಲಿಗೆ ನಿಲ್ಲಿಸಿ, ಮೂವರಲ್ವಾ ಎಂದಿದ್ದು ಬೋಟಿನ ಮನೆಯ ಹುಡುಗ. ಉಳಿದವರು ಹಿಂದಿನ ಪುಟಗಳನ್ನು ತಿರುವತೊಡಗಿದರು. ಸೈಮನ್, ಪಿಗ್ಗಿ, ಮತ್ತೆ ಅವನು. ಕಾದಂಬರಿಯಲ್ಲಿ ಎಲ್ಲರಿಗಿಂತ ಹೊಣೆಗಾರಿಕೆ ಇರುವ ಹುಡುಗ, ನಾನೇ ನಾಯಕ ಎಂದು ಒಪ್ಪಿಕೊಂಡ ಆ ನಿಮಿಷದಲ್ಲೂ ಮಚ್ಚೆಯ ಹುಡುಗನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರಾಲ್ಫ್ ಮರೆತನೇ, ಅಥವಾ ಬೆಂಕಿ ಮೊದಲು ಹಚ್ಚಿಸಿದ್ದು ತಾನೇ ಎಂಬುದರಿಂದ ಆ ಸಾವನ್ನು ಬಾಯಿಗೆ ತರಲಾರದೆ ಹೋದನೇ ಎಂಬ ಚರ್ಚೆ ಆ ದಿನ ಮುಗಿಯಲಿಲ್ಲ. ಮರೆತ ಎಂದು ಹುಡುಗರು, ಮರೆಯಲು ಸಾಧ್ಯವೇ ಇಲ್ಲ ಎಂದು ಹುಡುಗಿಯರು. ನಾನು ಹುಡುಗಿಯರ ಕಡೆಗಿದ್ದೇನೆ.